ಮೇಜಿನ ಸುತ್ತ ಕೂತವರಲ್ಲಿ ಮನೆಮುರುಕ ಯಾರು? ನಾಲ್ಕೈದು ಜನಕ್ಕೆ ಒಂದು ಆಟ ಹೇಳಿ

ಪೆಟ್ಟಿಗೆಹುಳ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಸ್ವಲ್ಪ ಉದ್ದ.

ನಮ್ಮ ಮನೆಯಲ್ಲಿ ತಿಂಗಳಿಗೆರಡು ಭಾನುವಾರ ಊಟ ಆದಮೇಲೆ ಬೋರ್ಡ್ ಗೇಮ್ ಹರಡ್ತೀವಿ. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಒಮ್ಮೊಮ್ಮೆ ಪಕ್ಕದ ಮನೆ ಹುಡುಗನೂ ಸೇರ್ತಾನೆ. ಎರಡು ವರ್ಷದಿಂದ ಆಡ್ತಿರೋದು ಪ್ಯಾಂಡೆಮಿಕ್. ಗೊತ್ತಿಲ್ಲದವರಿಗೆ: 2008ರಲ್ಲಿ ಬಂದದ್ದು, ಮ್ಯಾಟ್ ಲೀಕಾಕ್ ಮಾಡಿದ ಆಟ. ಎಲ್ಲರೂ ಒಂದೇ ತಂಡ. ಭೂಪಟದ ಮೇಲೆ ನಾಲ್ಕು ರೋಗ ಹರಡ್ತಾ ಇರುತ್ತೆ, ನಾಲ್ಕಕ್ಕೂ ಮದ್ದು ಕಂಡುಹಿಡಿಯಬೇಕು. ಗೆದ್ದರೂ ಎಲ್ಲರೂ, ಸೋತರೂ ಎಲ್ಲರೂ.

ತೊಂದರೆ ಭಾವನದು. ಒಳ್ಳೇ ಮನುಷ್ಯ, ಲೆಕ್ಕದಲ್ಲಿ ಚುರುಕು. ಆದರೆ ನನ್ನ ಸರದಿ ಬಂತು ಅಂದ್ರೆ "ನೀನು ಕೈರೋಗೆ ಹೋಗು, ಎರಡು ಕ್ಯೂಬ್ ತೆಗಿ, ಆ ಕಾರ್ಡು ನಿಮ್ಮಕ್ಕಂಗೆ ಕೊಡು" ಅಂತ ಅವರೇ ಮುಗಿಸಿಬಿಡ್ತಾರೆ. ಅವರು ಹೇಳೋದು ಸರಿಯಾಗೇ ಇರುತ್ತೆ, ಅದೇ ಸಂಕಟ. ಕಳೆದ ಸಲ ಅಕ್ಕ "ನನ್ನ ಆಟಾನೂ ನೀವೇ ಆಡ್ಕೊಳ್ಳಿ" ಅಂತ ಎದ್ದು ಕಾಫಿ ಮಾಡೋಕೆ ಹೋದಳು, ವಾಪಸ್ ಬರಲೇ ಇಲ್ಲ.

ತಂಡದ ಒಳಗೇ ಒಬ್ಬ ಗುಟ್ಟಾಗಿ ಎದುರಾಳಿಯಾಗಿರೋ ಆಟಗಳಿವೆ, ಅದರಲ್ಲಿ ಈ ಮೇಸ್ತ್ರಿಗಿರಿ ನಡೆಯಲ್ಲ ಅಂತ ಕೇಳಿದೆ. ನಿಜವಾ? ಇದ್ದರೆ ಯಾವುದು ತರಲಿ?

(ಟ್ರೇಟರ್ ಅನ್ನೋದಕ್ಕೆ "ದ್ರೋಹಿ" ಅಂದ್ರೆ ಕಂಪನಿ ನಾಟಕದ ಸಂಭಾಷಣೆ ಆಗಿಬಿಡುತ್ತೆ. ನಮ್ಮ ಅಜ್ಜಿ ಬಾಯಲ್ಲಿ ಇದಕ್ಕೆ ಸರಿಯಾದ ಮಾತಿತ್ತು: ಮನೆಮುರುಕ. ನಾನು ಅದನ್ನೇ ಬಳಸ್ತೀನಿ.)

ನಿಯಮಪಂಡಿತ

ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ. ಬೇರೆ ಉತ್ತರ ಬೇಕಿಲ್ಲ. ಅದೇ ಹೆಸರಿನ ಟೀವಿ ಸರಣಿಯ ಮೇಲೆ ಕೋರಿ ಕೊನೀಜ್ಕಾ ಮಾಡಿದ್ದು, ಫ್ಯಾಂಟಸಿ ಫ್ಲೈಟ್ 2008ರಲ್ಲಿ ತಂದದ್ದು. ನಿಮ್ಮ ಪ್ಯಾಂಡೆಮಿಕ್ ಬಂದ ವರ್ಷವೇ.

ಮನುಷ್ಯರ ಕೊನೆಯ ಹಡಗುಗಳು ಬಾಹ್ಯಾಕಾಶದಲ್ಲಿ ಓಡ್ತಾ ಇವೆ. ಕೈಯಲ್ಲಿರೋದು ಇಂಧನ 8, ಆಹಾರ 8, ಸ್ಥೈರ್ಯ 10, ಜನಸಂಖ್ಯೆ 12. ಇದರಲ್ಲಿ ಒಂದು ಸೊನ್ನೆ ಮುಟ್ಟಿದರೂ ಮನುಷ್ಯರು ಸೋತರು. ಆಟಗಾರರಲ್ಲಿ ಒಬ್ಬಿಬ್ಬರು ಮನುಷ್ಯರ ವೇಷದ ಸೈಲಾನ್ ಯಂತ್ರಗಳು. ಅವರಿಗೆ ಬೇಕಿರೋದೇ ಆ ಸೊನ್ನೆ.

ಇದರ ಜಾಣತನ ಇರೋದು ಬಿಕ್ಕಟ್ಟು ಬಂದಾಗ ಕಾರ್ಡು ಹಾಕೋ ರೀತಿಯಲ್ಲಿ. ಐದು ಬಣ್ಣದ ಕಾರ್ಡುಗಳಿವೆ. ಉದಾಹರಣೆಗೆ ಒಂದು ಬಿಕ್ಕಟ್ಟಿಗೆ ಹಸಿರು, ಹಳದಿ ಬೇಕು ಅಂದುಕೊಳ್ಳಿ. ಆ ಬಣ್ಣದವು ಕೂಡಿಕೆ, ಉಳಿದ ಬಣ್ಣದವೆಲ್ಲ ಕಳೆತ. ಎಲ್ಲರೂ ಕಾರ್ಡನ್ನ ಬೋರಲು ಹಾಕ್ತಾರೆ. ಜೊತೆಗೆ ವಿಧಿಯ ಕಟ್ಟು ಅಂತ ಒಂದಿದೆ, ಅದರಿಂದ ಎರಡು ಕಾರ್ಡು ಯಾರೂ ನೋಡದೆ ಸೇರುತ್ತವೆ. ಎಲ್ಲ ಕಲೆಸಿ ತಿರುವಿ ಹಾಕಿದಾಗ ನಡುವೆ ಒಂದು ನೇರಳೆ ಬಣ್ಣದ 4 ಬಿದ್ದಿರುತ್ತೆ. ಅದನ್ನ ಹಾಕಿದ್ದು ವಿಧಿಯೋ, ನಿಮ್ಮ ಭಾವನೋ?

ಈಗ ನೋಡಿ. ವಿಧಿಯ ಕಟ್ಟಿನಲ್ಲಿ ಇರೋದು ಬರೀ 10 ಕಾರ್ಡು, ಪ್ರತಿ ಬಣ್ಣದ ಎರಡೆರಡು. ಐದು ಬಿಕ್ಕಟ್ಟಿಗೆ ಕಟ್ಟು ಖಾಲಿ, ಮತ್ತೆ ತುಂಬಬೇಕು. ಅಂದ್ರೆ ಆ ಐದು ಸುತ್ತಲ್ಲಿ ವಿಧಿ ಹಾಕಬಲ್ಲ ನೇರಳೆ ಎರಡೇ. ಮೂರನೇದು ಕಳೆತದಲ್ಲಿ ಬಂತು ಅಂದ್ರೆ ಅದಕ್ಕೊಂದು ಕೈ ಇದೆ. ಎಣಿಸ್ತಾ ಕೂತವನಿಗೆ ಕಳ್ಳ ಸಿಗ್ತಾನೆ. ಆದರೆ ಎಣಿಸ್ತಾ ಕೂತವನೇ ಕಳ್ಳನಾಗಿದ್ದರೆ?

ಇನ್ನೊಂದು. ನೀವು ಮನುಷ್ಯರೋ ಸೈಲಾನೋ ಅಂತ ಹೇಳೋ ನಿಷ್ಠೆಯ ಕಾರ್ಡು ಶುರುವಿನಲ್ಲಿ ಒಂದು, ಅರ್ಧ ದಾರಿಯಲ್ಲಿ ಇನ್ನೊಂದು. ಐದು ಜನ ಆಡಿದರೆ, ಬಾಲ್ಟರ್ ಮತ್ತು ಬೂಮರ್ ಪಾತ್ರಗಳನ್ನ ಯಾರೂ ತೆಗೆದುಕೊಳ್ಳದಿದ್ದರೆ, ಒಟ್ಟು 10 ಕಾರ್ಡಿನಲ್ಲಿ ಸೈಲಾನ್ ಎರಡು. ಮೊದಲ ಐದರಲ್ಲಿ ಒಂದೂ ಬಾರದಿರುವ ಸಾಧ್ಯತೆ ಒಂಬತ್ತರಲ್ಲಿ ಎರಡು. ಹಾಗಾದಾಗ ಅರ್ಧ ಆಟ ಪೂರ್ತಿ ನಿಯತ್ತಿನವರೇ ಕೂತು ಒಬ್ಬರನ್ನೊಬ್ಬರು ಜೈಲಿಗೆ ತಳ್ಳಿರ್ತಾರೆ. ಆಮೇಲೆ, ಅಲ್ಲಿವರೆಗೆ ಬೆವರು ಸುರಿಸಿದ ಮನುಷ್ಯ ಎರಡನೇ ಕಾರ್ಡು ನೋಡಿ ತಾನು ಯಂತ್ರ ಅಂತ ತಿಳ್ಕೋತಾನೆ. ಅವನ ಮುಖ ನೋಡೋಕೆ ನಾನು ಮೂರು ಗಂಟೆ ಕೂರೋದು.

ಚೀಟಿರಾಣಿ

ಪಂಡಿತರೇ, ಅಡ್ಡ ಬಂದೆ, ಬೇಜಾರು ಮಾಡ್ಕೋಬೇಡಿ. ಅವರು ಕೇಳಿದ್ದು ಭಾನುವಾರ ಊಟ ಆದಮೇಲೆ ಮನೆಯವರ ಜೊತೆ ಆಡೋಕೆ. ನೀವು ಹೇಳ್ತಿರೋದಕ್ಕೆ ರಜೆ ಹಾಕಬೇಕು. ಅದೂ ಅಲ್ಲದೆ ಆ ಪೆಟ್ಟಿಗೆ ಈಗ ಮುದ್ರಣದಲ್ಲೇ ಇಲ್ಲ.

ನನ್ನ ಮತ ಸಬೊಟರ್‌ಗೆ. ಅಂಗೈಯಗಲದ ಪೆಟ್ಟಿಗೆ, 2004ರ ಆಟ, 3ರಿಂದ 10 ಜನ. ಎಲ್ಲರೂ ಗಣಿ ತೋಡೋ ಕುಳ್ಳರು. ದಾರಿಯ ಕಾರ್ಡುಗಳನ್ನ ಜೋಡಿಸ್ತಾ ಆ ಕೊನೆಯಲ್ಲಿರೋ ಮೂರು ಕಾರ್ಡಿನ ಕಡೆ ಸುರಂಗ ಕೊರೀಬೇಕು. ಮೂರರಲ್ಲಿ ಒಂದರಡಿ ಚಿನ್ನ, ಎರಡರಡಿ ಕಲ್ಲು. ನಡುವೆ ಮನೆಮುರುಕರು ದಾರಿ ಕೆಡಿಸ್ತಾರೆ, ಬೇರೆಯವರ ಗುದ್ದಲಿ ಮುರೀತಾರೆ, ಲಾಂದ್ರ ಒಡೀತಾರೆ. ನಾಲ್ಕು ಜನ ಆಡುವಾಗ ಒಬ್ಬ ಮನೆಮುರುಕ, ನಾಲ್ವರು ಗಣಿಯವರು, ಹೀಗೆ ಐದು ಕಾರ್ಡು ಕಲೆಸಿ ನಾಲ್ಕನ್ನ ಹಂಚೋದು. ಉಳಿದ ಒಂದನ್ನ ಯಾರೂ ನೋಡೋ ಹಾಗಿಲ್ಲ. ಮನೆಮುರುಕ ಆ ಕಾರ್ಡೇ ಆಗಿರಬಹುದು.

ಇದನ್ನೇ ಯಾಕೆ ಹೇಳ್ತಿದೀನಿ ಅಂದ್ರೆ, ಕಾರ್ಡುಗಳ ಮೇಲೆ ಓದೋದಕ್ಕೆ ಏನೂ ಇಲ್ಲ, ಬರೀ ಚಿತ್ರ. ಈ ಜಾತಿಯ ಆಟದಲ್ಲಿ ಅದು ಎಷ್ಟು ದೊಡ್ಡ ವಿಷಯ ಅಂತ ಯಾರೂ ಹೇಳಲ್ಲ. ಪ್ಯಾಂಡೆಮಿಕ್‌ನಲ್ಲಿ ಇಂಗ್ಲಿಷ್ ಅರ್ಥ ಆಗದಿದ್ದರೆ ಪಕ್ಕದವರನ್ನ ಕೇಳಬಹುದು. ಇಲ್ಲಿ ನಿಮ್ಮ ಕೈಯಲ್ಲಿ ಗುಟ್ಟಿನ ಕಾರ್ಡಿದೆ. "ಇದರಲ್ಲಿ ಎಕ್ಸೈಲ್ ಅಂದ್ರೇನು?" ಅಂತ ಕೇಳಿದ ತಕ್ಷಣ ಆಟ ಮುಗೀತು. ನಮ್ಮಲ್ಲಿ ಒಮ್ಮೆ ಹೀಗೇ ಆಗಿ ನನ್ನ ನಾದಿನಿ ಅಳುವ ಹಾಗಾಗಿದ್ದಳು. ಅವತ್ತಿಂದ ಯಾವ ಆಟ ಆದರೂ ಎಲ್ಲ ಪಾತ್ರಗಳ ಕೆಲಸ ಕನ್ನಡದಲ್ಲಿ ಬರೆದು ಎಲ್ಲರಿಗೂ ಒಂದೇ ಹಾಳೆ ಕೊಡ್ತೀನಿ. ಕಾರ್ಡು ಹಂಚಿದ ಮೇಲೆ ಎರಡು ನಿಮಿಷ ಎಲ್ಲರೂ ಹಾಳೆ ನೋಡಲೇಬೇಕು, ಬೇಕಿರಲಿ ಬೇಡದಿರಲಿ. ಯಾರು ಏನು ಓದ್ತಿದಾರೆ ಅಂತ ಗೊತ್ತಾಗಬಾರದು.

ಸಬೊಟರ್‌ಗೆ ಆ ಹಾಳೆಯೂ ಬೇಕಾಗಲಿಲ್ಲ. ನಮ್ಮ ಅತ್ತೆಗೆ ಅರವತ್ತೆಂಟು. ಮೊದಲನೇ ದಿನವೇ ನಕ್ಷೆಯ ಕಾರ್ಡು ಹಾಕಿ ಚಿನ್ನ ಎಲ್ಲಿದೆ ಅಂತ ಅವರೊಬ್ಬರೇ ನೋಡಿದರು. "ಎಡಗಡೆದು" ಅಂದರು. ಎಲ್ಲರೂ ಎಡಕ್ಕೆ ಅಗೆದಿದ್ದೇ ಅಗೆದಿದ್ದು. ಕಲ್ಲು. ಕೊನೆಗೆ ಕೇಳಿದರೆ "ನನಗೇನು ಗೊತ್ತಮ್ಮಾ, ಕಣ್ಣು ಸರಿಯಾಗಿ ಕಾಣಲ್ಲ" ಅಂತ ಮನೆಮುರುಕನ ಕಾರ್ಡು ಮೆಲ್ಲಗೆ ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಸಂಸಾರ ನಡೆಸಿದವರ ಮುಂದೆ ನಾವೆಷ್ಟರವರು.

ಮೌನವ್ರತ

ರೆಸಿಸ್ಟೆನ್ಸ್. ಐದು ಜನ ಇದ್ದರೆ ಮಾತ್ರ. ಅರ್ಧ ಗಂಟೆ.

ಕಡಲತಡಿ

ಮಾರಾಯ್ರೆ, ಡೆಡ್ ಆಫ್ ವಿಂಟರ್ ಯಾರೂ ಹೇಳ್ಲಿಲ್ವಾ? 2014ರದ್ದು, ಪ್ಲೇಡ್ ಹ್ಯಾಟ್ ಕಂಪನಿಯದ್ದು. ಹಿಮ ಬೀಳುವ ಊರು, ಹೊರಗೆ ಜಾಂಬಿಗಳು, ಒಳಗೆ ಹಸಿವು. ನಮ್ಮ ಕರಾವಳಿಯವರಿಗೆ ಹಿಮದ ಆಟ ಎಂತಕ್ಕೆ ಅಂತ ಕೇಳ್ಬೇಡಿ, ಸೆಕೆಗಾಲದಲ್ಲಿ ಫ್ಯಾನ್ ಕೆಳಗೆ ಕೂತು ಆಡ್ಲಿಕ್ಕೆ ಒಳ್ಳೆದುಂಟು.

ಇದರಲ್ಲಿ ಒಂದು ವಿಶೇಷ ಉಂಟು. ಪ್ರತಿಯೊಬ್ಬನಿಗೂ ಒಂದು ಸ್ವಂತ ಗುಟ್ಟಿನ ಗುರಿ ಇರ್ತದೆ. ಒಬ್ಬನಿಗೆ ಔಷಧಿ ಕೂಡಿಟ್ಕೊಳ್ಬೇಕು, ಇನ್ನೊಬ್ಬನಿಗೆ ಪೆಟ್ರೋಲು. ಊರು ಉಳಿದ್ರೆ ಸಾಲದು, ನನ್ನ ಗುರಿಯೂ ಮುಟ್ಟಿದ್ರೆ ಮಾತ್ರ ನಾನು ಗೆದ್ದದ್ದು. ಹಾಗಾಗಿ ಒಳ್ಳೆಯವನೂ ಒಂದೆರಡು ಕಾರ್ಡು ಮುಚ್ಚಿಡ್ತಾನೆ. ಸ್ವಾರ್ಥಿಗೂ ಮನೆಮುರುಕನಿಗೂ ವ್ಯತ್ಯಾಸ ಹೇಳುದು ಹೇಗೆ?

ಲೆಕ್ಕವೂ ಹೇಳ್ತೇನೆ. ಆಟಗಾರ ಒಬ್ಬನಿಗೆ ಎರಡರ ಹಾಗೆ ಸಾಮಾನ್ಯ ಗುರಿಗಳು, ಅದಕ್ಕೆ ಒಂದೇ ಒಂದು ದ್ರೋಹದ ಗುರಿ ಸೇರಿಸಿ ಕಲೆಸುದು. ನಾಲ್ಕು ಜನಕ್ಕೆ 9 ಕಾರ್ಡು, ಹಂಚುದು 4. ಹಾಗಾದ್ರೆ ಮನೆಮುರುಕ ಇರುವ ಸಾಧ್ಯತೆ ಒಂಬತ್ತರಲ್ಲಿ ನಾಲ್ಕು. ಅರ್ಧಕ್ಕಿಂತ ಕಡಿಮೆ! ಹೆಚ್ಚಿನ ದಿನ ಮೇಜಿನಲ್ಲಿ ಕಳ್ಳನೇ ಇರುದಿಲ್ಲ. ಆದ್ರೂ ನಾವು ಜಗಳ ಮಾಡುದು ಬಿಟ್ಟದ್ದಿಲ್ಲ.

ಆದ್ರೆ ಒಂದು ಸತ್ಯ ಹೇಳ್ಬೇಕು. ನಮ್ಮ ಗುಂಪಿನಲ್ಲಿ ಈ ಆಟ ನಿಂತು ಹೋಯ್ತು. ಒಬ್ಬ ಗೆಳೆಯ ಊಟದ ಕಾರ್ಡು ಕೊಡ್ಲಿಲ್ಲ ಅಂತ ಅವನನ್ನು ವೋಟು ಹಾಕಿ ಊರಿಂದ ಹೊರಗೆ ಹಾಕಿದೆವು. ಅವ ಪಾಪ ಮನೆಮುರುಕ ಅಲ್ಲ, ಅವನ ಗುರಿಗೆ ಬೇಕಿತ್ತು ಅದು. "ಹತ್ತು ವರ್ಷದ ಸ್ನೇಹ, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ" ಅಂತ ಕೇಳಿದ. ಆಟ ಅಂತ ಹೇಳಿದ್ರೂ ಅವನಿಗೆ ಹೋಗ್ಲಿಲ್ಲ. ಈಗ ಅವ ಬಂದ್ರೆ ಕೇರಂ ಮಾತ್ರ.

ಧಾರವಾಡಪೇಡೆ

ಎಲ್ಲಾರೂ ಹೊಸಾದು ಹೊಸಾದು ಅಂತೀರಲ್ರೀ, ಈ ಜಾತಿ ಆಟಕ್ಕ ಹಾದಿ ಹಾಕಿಕೊಟ್ಟಿದ್ದನ್ನ ಯಾರೂ ನೆನಸವಲ್ರಿ. ಶಾಡೋಸ್ ಓವರ್ ಕ್ಯಾಮೆಲಾಟ್. 2005, ಬ್ರೂನೋ ಕಥಾಲಾ ಮತ್ತ ಸೆರ್ಜ್ ಲಜೆ ಮಾಡಿದ್ದು, ಡೇಸ್ ಆಫ್ ವಂಡರ್ ಅವರದು. ಆರ್ಥರ್ ರಾಜಾನ ದುಂಡು ಮೇಜಿನ ಸರದಾರರು ನಾವು. 3ರಿಂದ 7 ಮಂದಿ.

ಆಟ ಹೆಂಗಂದ್ರ: ನಿಮ್ಮ ಸರದಿ ಬಂದ್ರ ಮೊದ್ಲ ಒಂದು ಕೆಟ್ಟದ್ದು ಮಾಡಬೇಕು, ಆಮ್ಯಾಲ ಒಂದು ಒಳ್ಳೇದು. ಕೆಟ್ಟದ್ದು ಅಂದ್ರ ಮೂರರಾಗ ಒಂದು: ಕರೀ ಎಲಿ ತಗೀರಿ, ಇಲ್ಲಾ ಕೋಟಿ ಹೊರಗ ಒಂದು ಮುತ್ತಿಗಿ ಯಂತ್ರ ಇಡ್ರಿ, ಇಲ್ಲಾ ನಿಮ್ಮ ಜೀವದಾಗಿಂದ ಒಂದು ಕಳಕೋರಿ. ಇದ ನೋಡ್ರಿ ಇದರ ಜೀವಾಳ. ಒಳ್ಳೆ ಮನಶಾನೂ ದಿನಾ ಕೆಟ್ಟದ್ದು ಮಾಡಲೇಬೇಕು. ಮನೆಮುರುಕ ಬ್ಯಾರೆ ಏನೂ ಮಾಡೂದ ಬ್ಯಾಡ, ಎಲ್ಲಾರೂ ಮಾಡೂದನ್ನ ಸ್ವಲ್ಪ ಖುಷೀಲೆ ಮಾಡಿದ್ರ ಸಾಕು.

ಮೇಜಿನ ಮ್ಯಾಲೆ 12 ಕತ್ತಿ ಕೂಡಬೇಕು. ಬಿಳೀವು ಹೆಚ್ಚಿದ್ರ ನಾವು ಗೆದ್ವಿ. ಕರೀವು 7 ಆದ್ರ, ಇಲ್ಲಾ ಮುತ್ತಿಗಿ ಯಂತ್ರ 12 ಆದ್ರ ಕಥಿ ಮುಗೀತು. ಆಟ ಮುಗಿಯೂ ತನಕ ಮನೆಮುರುಕನ್ನ ಹಿಡೀಲಿಲ್ಲಂದ್ರ ಎರಡು ಬಿಳೀ ಕತ್ತಿ ಕರೀ ಆಗ್ತಾವ. ಹಿಡದ್ರ ಒಂದು ಬಿಳೀ ಕತ್ತಿ ಇನಾಮು. ತಪ್ಪು ಮನಶಾನ ಮ್ಯಾಲೆ ಬೆರಳು ತೋರಿಸಿದ್ರ? ಒಂದು ಬಿಳೀದು ಕರೀ ಆಗ್ತೈತಿ. ಒಬ್ಬಾವಗ ಇಡೀ ಆಟದಾಗ ಒಂದ ಸಲ ಬೆರಳು ತೋರಸಾಕ ಪರವಾನಗಿ.

ನಿಷ್ಠಾದ ಎಲಿ ಒಟ್ಟು 8. ಅದರಾಗ ಮನೆಮುರುಕ ಒಂದ. ಏಳು ಮಂದಿ ಆಡಿದ್ರ ಎಂಟರಾಗ ಏಳು ಪಾಲು ಅವ ಇರ್ತಾನ. ಮೂರು ಮಂದಿ ಆದ್ರ ಎಂಟರಾಗ ಮೂರ ಪಾಲು.

ಮತ್ತೊಂದು ಮಜಾ ಐತಿ. ಕೈಯಾಗಿನ ಎಲಿ ಬಗ್ಗೆ ಮಾತಾಡಬಹುದು, ಖರೆ ಅಂಕಿ ಹೇಳೂ ಹಂಗಿಲ್ಲ. "ನನ್ನ ಹತ್ತರ 5 ಐತಿ" ಅನ್ನಬಾರದು. "ಸ್ಯಾಕ್ಸನ್ನರ ಜೋಡಿ ಜಗಳಕ್ಕ ಈ ಬಡವನ ತೋಳಿನಾಗ ಬಲ ಐತಿ" ಅಂತ ದೊಡ್ಡಾಟದಾಗ ಅಂದಂಗ ಅನ್ನಬೇಕು. ನಮ್ಮ ಮಂದಿ ಮೀಸಿ ತಿರುವಿಕೋತ ಅದನ್ನ ಮಾಡ್ತಾರ. ನಿಮ್ಮ ಭಾವ್ನೋರ ಲೆಕ್ಕಾಚಾರಕ್ಕ ಇದ ಮದ್ದು, ಅಂಕಿ ಗೊತ್ತಿಲ್ಲದ ಅಪ್ಪಣಿ ಹೆಂಗ ಕೊಡ್ತಾರ?

ಪೆಟ್ಟಿಗೆಹುಳ

ಇಷ್ಟೊಂದು ಉತ್ತರ ನಿರೀಕ್ಷೆ ಮಾಡಿರಲಿಲ್ಲ. ಚೀಟಿರಾಣಿಯವರ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಒಂದು ಅನುಮಾನ. ಇದು ನಾವು ಶಾಲೆಯಲ್ಲಿ ಆಡ್ತಿದ್ದ ರಾಜ, ಮಂತ್ರಿ, ಕಳ್ಳ, ಪೊಲೀಸ್ ಚೀಟಿ ಆಟದ ದೊಡ್ಡ ರೂಪ ಅಷ್ಟೇ ಅಲ್ವಾ? ಕಳ್ಳನ ಚೀಟಿ ಬಂದವನು ನಗು ತಡ್ಕೊಂಡರೆ ಗೆದ್ದ, ಇಲ್ಲದಿದ್ದರೆ ಸಿಕ್ಕಿಬಿದ್ದ. ಅದಕ್ಕೆ ಮೂರು ಗಂಟೆ ಬೇಕಾ? ನನ್ನ ಹೆಂಡತಿಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಾಗಿಬಿಡುತ್ತೆ.

ಎಸ್ಸೆನ್‌ಯಾತ್ರಿ

ಜರ್ಮನಿಯಿಂದ ಬರೀತಿದೀನಿ. ಪ್ರತಿ ಅಕ್ಟೋಬರ್ ಎಸ್ಸೆನ್ ಊರಿನ ಆಟದ ಮೇಳಕ್ಕೆ ಹೋಗಿ ಜೇಬು ಖಾಲಿ ಮಾಡ್ಕೊಂಡು ಬರೋನು.

ನಿಮ್ಮ ಅನುಮಾನ ಅರ್ಧ ಸರಿ. ಮುಖ ನೋಡಿ ಕಳ್ಳನನ್ನ ಹಿಡಿಯೋ ಒಂದು ಸಂಸಾರವೇ ಇದೆ. 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ದಾವಿದೋವ್ ಶುರು ಮಾಡಿದ ಮಾಫಿಯಾ ಅದರ ಮೂಲಪುರುಷ. ಅದಕ್ಕೆ ಬೋರ್ಡೂ ಬೇಡ, ಕಾಯೂ ಬೇಡ, ಹಗಲು-ರಾತ್ರಿ ಅಂತ ಕಣ್ಣು ಮುಚ್ಚಿ ತೆಗೆದರೆ ಆಯ್ತು. ಮೌನವ್ರತರು ಹೇಳಿದ ರೆಸಿಸ್ಟೆನ್ಸ್ ಅದರ ಜಾಣ ಮೊಮ್ಮಗು: ಐದು ಜನರಲ್ಲಿ ಇಬ್ಬರು ಗೂಢಚಾರರು, ಯಾರೂ ಆಟದಿಂದ ಹೊರಗೆ ಹೋಗಲ್ಲ.

ಇನ್ನೊಂದು ಸಂಸಾರ ತಂಡದ ಆಟಗಳದು. ರೈನರ್ ಕ್ನಿಜಿಯಾ 2000ದಲ್ಲಿ ಲಾರ್ಡ್ ಆಫ್ ದಿ ರಿಂಗ್ಸ್ ಮಾಡಿದಾಗ ಅದರಲ್ಲಿ ಎಲ್ಲರೂ ಬೋರ್ಡಿನ ವಿರುದ್ಧವೇ. ಕ್ಯಾಮೆಲಾಟ್ ಮಾಡಿದ್ದು ಈ ಎರಡು ಸಂಸಾರಕ್ಕೂ ಬೀಗತನ.

ಈ ಬೀಗತನದಿಂದ ಸುಳ್ಳಿನ ಜಾಗವೇ ಬದಲಾಯ್ತು. ಚೀಟಿ ಆಟದಲ್ಲಿ ಸುಳ್ಳು ಇರೋದು ಮುಖದ ಮೇಲೆ. ಇಲ್ಲಿ ಸುಳ್ಳು ಇರೋದು ಕೈಯಲ್ಲಿ. ನಿಮ್ಮ ಮನೆಯವರ ಕಿವಿ ಕೆಂಪಾದರೂ ಪರವಾಗಿಲ್ಲ, ಅವರು ಬಾಯಿ ಬಿಟ್ಟು ಒಂದು ಸುಳ್ಳೂ ಹೇಳದೆ ಇಡೀ ಆಟ ಗೆಲ್ಲಬಹುದು. ಕ್ಯಾಮೆಲಾಟ್‌ನಲ್ಲೇ ನೋಡಿ: ಎಕ್ಸ್‌ಕ್ಯಾಲಿಬರ್ ಖಡ್ಗ ಸೆಳೆಯೋ ಕೆಲಸಕ್ಕೆ ಪ್ರತಿ ಸಲ ಒಂದು ಬಿಳಿ ಕಾರ್ಡನ್ನ ಬೋರಲು ಬಿಸಾಡಬೇಕು. ಎಲ್ಲರ ಕಣ್ಣಿಗೆ ಅವರು ಖಡ್ಗ ಎಳೀತಿದಾರೆ, ಪುಣ್ಯದ ಕೆಲಸ. ಬಿಸಾಡ್ತಿರೋದು ಮಾತ್ರ ಪವಿತ್ರ ಪಾತ್ರೆ ಹುಡುಕೋ ಇನ್ನೊಂದು ಕೆಲಸಕ್ಕೆ ಬೇಕಿದ್ದ ಕಾರ್ಡುಗಳನ್ನ. ಸುಳ್ಳು ಎಲ್ಲಿದೆ ಹೇಳಿ?

ಬ್ಯಾಟಲ್‌ಸ್ಟಾರ್ ಸಿಗಲ್ಲ ಅಂತ ಅಳೋರಿಗೆ: ಅದರ ಮೂಳೆ-ಮಾಂಸ ಉಳಿಸ್ಕೊಂಡು ಅದೇ ಕಂಪನಿ 2021ರಲ್ಲಿ ಅನ್‌ಫ್ಯಾಥಮಬಲ್ ತಂದಿದೆ. ಬಾಹ್ಯಾಕಾಶದ ಬದಲು 1913ರ ಉಗಿಹಡಗು, ಯಂತ್ರಗಳ ಬದಲು ಸಮುದ್ರದ ಪ್ರಾಣಿಗಳ ರಕ್ತ ಬೆರೆತ ಮನುಷ್ಯರು. ನನಗೆ ಹಳೇದೇ ಇಷ್ಟ, ಆದರೆ ಅದು ಹಠ ಅಷ್ಟೇ.

ಬಿಟ್ರೇಯಲ್ ಅಟ್ ಹೌಸ್ ಆನ್ ದ ಹಿಲ್ ಅಂತ ಯಾರಾದರೂ ಹೇಳಿದರೆ ಒಂದು ಎಚ್ಚರಿಕೆ. 2004ರದ್ದು, ಪಾಳು ಬಂಗಲೆ, 50 ಬೇರೆ ಬೇರೆ ಕಥೆ, ಮಜವಾಗಿದೆ. ಆದರೆ ಅಲ್ಲಿ ಮನೆಮುರುಕ ಯಾರು ಅಂತ ಶುರುವಿನಲ್ಲಿ ಅವನಿಗೇ ಗೊತ್ತಿರಲ್ಲ; ನಡುವೆ ದಾಳ ಕೈಕೊಟ್ಟಾಗ ಬಯಲಾಗುತ್ತೆ, ಆಮೇಲೆ ಬಹುಮಟ್ಟಿಗೆ ಎಲ್ಲ ಬಹಿರಂಗ. ಸಂಶಯ ಪಡೋಕೆ ಜಾಗ ಕಡಿಮೆ. ಅದೂ ಅಲ್ಲದೆ ಅವನೊಬ್ಬನೇ ಪಕ್ಕದ ರೂಮಿಗೆ ಹೋಗಿ ಇಂಗ್ಲಿಷ್ ಪುಸ್ತಕ ಓದಿ ಅರ್ಥ ಮಾಡ್ಕೋಬೇಕು. ಚೀಟಿರಾಣಿಯವರ ನಾದಿನಿಗೆ ಬೇಡವೇ ಬೇಡ.

ನಿಯಮಪಂಡಿತ

ಎಸ್ಸೆನ್‌ಯಾತ್ರಿ ಹೇಳಿದ್ದು ಒಪ್ಪಿದೆ. ಭಾವನ ವಿಷಯಕ್ಕೆ ಬರೋಣ, ಮೂಲ ಪ್ರಶ್ನೆ ಅದು. ಮೇಸ್ತ್ರಿಗಿರಿ ನಡೆಯೋದು ಎಲ್ಲರೂ ನಿಯತ್ತಿನವರು ಅಂತ ಗ್ಯಾರಂಟಿ ಇದ್ದಾಗ. ಇಲ್ಲಿ ಒಬ್ಬ ಎಲ್ಲರಿಗೂ ಆಜ್ಞೆ ಕೊಡ್ತಿದಾನೆ ಅಂದ್ರೆ ಅವನ ಮೇಲೇ ಮೊದಲ ಕಣ್ಣು. ಎರಡೇ ಆಟದಲ್ಲಿ ತಣ್ಣಗಾಗ್ತಾರೆ.

ಧಾರವಾಡಪೇಡೆ

ಹಂಗೇನಿಲ್ರೀ ಪಂಡಿತ್ರ. ನಮ್ಮ ಗುಂಪಿನ್ಯಾಗ ಒಬ್ಬಾವ ಅದಾನ, ಮನೆಮುರುಕ ಆದಾಗ ಇನ್ನೂ ಜೋರ ಅಪ್ಪಣಿ ಕೊಡ್ತಾನ. ಯಾಕಂದ್ರ ಪ್ರತಿ ಸಲ ಕೊಡ್ತಿದ್ನಲ್ಲ, ಈಗ ಸುಮ್ನ ಕೂತ್ರ ಸಂಶೆ ಬರ್ತೈತಿ! ಹತ್ತರಾಗ ಒಂಬತ್ತು ಅಪ್ಪಣಿ ಛಲೋವ ಇರ್ತಾವ, ಹತ್ತನೇದ್ರಾಗ ನಾವು ಮುಳುಗಿರ್ತೀವಿ. ಒಳ್ಳೆ ಮನೆಮುರುಕ ಅಂದ್ರ ಮನಿ ಕಟ್ಟೂವಾಗ ಎಲ್ಲಾರಕಿಂತ ಹೆಚ್ಚು ಇಟ್ಟಂಗಿ ಹೊತ್ತಾವ.

ಕಡಲತಡಿ

ಇನ್ನೊಂದು ಬಗೆಯೂ ಉಂಟು. ಯಕ್ಷಗಾನದಲ್ಲಿ ಕರ್ಣಪರ್ವ ನೋಡಿದವರಿಗೆ ಶಲ್ಯ ನೆನಪಾಗ್ಬೇಕು. ಕೌರವರ ಕಡೆ ಸೇರಿದ್ದು, ಕರ್ಣನ ರಥ ಹೊಡೆದದ್ದು, ಎಲ್ಲ ಸರಿ. ಆದ್ರೆ ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಾಗಿತ್ತು, ಕರ್ಣನ ಧೈರ್ಯ ಕೆಡಿಸ್ತೇನೆ ಅಂತ. ಕುದುರೆ ತಪ್ಪಾಗಿ ಓಡಿಸ್ಲಿಲ್ಲ, ಬಾಯಲ್ಲೇ ಮುಗಿಸಿದ. ನಮ್ಮ ಮೇಜಿನಲ್ಲೂ ಅಂಥವ ಒಬ್ಬ: ಸುಮ್ಮನೆ ಕೂತು "ಇದು ಆಗುದಿಲ್ಲ ಬಿಡಿ", "ಈ ಸಲ ಆಹಾರ ಸಾಕಾಗುದಿಲ್ಲ" ಅಂತ ಹೇಳ್ತಾ ಇರುದು. ಕಾರ್ಡು ಸರಿಯಾಗಿಯೇ ಹಾಕ್ತಾನೆ. ನಾವೇ ಹೆದರಿ ತಪ್ಪು ಮಾಡಿ ಸೋಲ್ತೇವೆ.

ಚೀಟಿರಾಣಿ

ಶಲ್ಯನ ಮಾತು ಚೆನ್ನಾಗಿದೆ. ಆದರೆ ಕಡಲತಡಿಯವರು ಮೊದಲು ಹೇಳಿದ ಗೆಳೆಯನ ವಿಷಯ ನನ್ನ ತಲೇಲಿ ಕೂತಿದೆ. ಸುಳ್ಳು ಹೇಳಿದವನಿಗೆ ನೋವಾಗಲ್ಲ, ಅವನಿಗೆ ಮಜಾ. ನೋವಾಗೋದು ನಿಜ ಹೇಳಿ ನಂಬಿಸೋಕೆ ಆಗದವನಿಗೆ. "ನಾನಲ್ಲ" ಅನ್ನೋದಕ್ಕೆ ಕಳ್ಳನ ಹತ್ತಿರವೂ ಅದೇ ಮಾತು, ಒಳ್ಳೆಯವನ ಹತ್ತಿರವೂ ಅದೇ.

ನಮ್ಮನೇಲಿ ಅದಕ್ಕೊಂದು ಕಟ್ಟುಪಾಡು. ಆಟದ ಹೊರಗಿನದ್ದನ್ನ ಸಾಕ್ಷಿಗೆ ಎಳೀಬಾರದು. "ನೀನು ಮೊನ್ನೆ ಹಾಲಿನ ದುಡ್ಡಿನ ವಿಷಯಾನೂ ಹೀಗೇ ಹೇಳಿದ್ದೆ" ಅಂದವರು ಆ ಸುತ್ತು ಪೂರ್ತಿ ಮಾತಾಡೋ ಹಾಗಿಲ್ಲ. ದೇವರಾಣೆ, ಮಕ್ಕಳಾಣೆ ಕೂಡದು. ಇದನ್ನ ನಾವು ತಮಾಷೆಗೆ ಮಾಡಿದ್ದಲ್ಲ, ಒಂದು ಸಂಜೆ ಆಣೆ ಹಾಕಿದ ಮೇಲೆಯೇ ಮಾಡಿದ್ದು.

ಎಸ್ಸೆನ್‌ಯಾತ್ರಿ

ಆಣೆ ವಿಷಯ ನೂರಕ್ಕೆ ನೂರು. ಆಣೆಗೆ ಅವಕಾಶ ಕೊಟ್ಟರೆ ಆಟವೂ ಕೆಡುತ್ತೆ: ಆಣೆ ಇಡದವನೇ ಕಳ್ಳ ಅಂತ ಆಗಿಬಿಡುತ್ತೆ.

ಪೆಟ್ಟಿಗೆಹುಳರಿಗೆ ನನ್ನ ಸಲಹೆ. ನೀವು ನಾಲ್ವರೇ ಇರೋದು ಜಾಸ್ತಿ. ರೆಸಿಸ್ಟೆನ್ಸ್‌ಗೆ ಕನಿಷ್ಠ ಐದು ಬೇಕು. ಬ್ಯಾಟಲ್‌ಸ್ಟಾರ್ ನಾಲ್ವರಿಗೆ ಅಷ್ಟು ಚೆನ್ನಾಗಿಲ್ಲ. ಸಮತೂಕಕ್ಕೆ ಅಂತ ಸಿಂಪಥೈಸರ್ ಅನ್ನೋ ಅರೆಮನಸ್ಸಿನ ಕಾರ್ಡೊಂದನ್ನ ಸೇರಿಸಬೇಕಾಗುತ್ತೆ, ಪಂಡಿತರೂ ಒಪ್ತಾರೆ. ಮೊದಲು ಸಬೊಟರ್ ತಗೊಳ್ಳಿ, ಎರಡು ಭಾನುವಾರ ಆಡಿ. ಸಂಶಯದ ರುಚಿ ಹತ್ತಿದರೆ ಕ್ಯಾಮೆಲಾಟ್ ಯಾರ ಹತ್ತಿರವಾದರೂ ಇದೆಯಾ ನೋಡಿ. ನಾಲ್ವರಲ್ಲಿ ಮನೆಮುರುಕ ಇರೋ ಸಾಧ್ಯತೆ ಎಂಟರಲ್ಲಿ ನಾಲ್ಕು, ಸರಿಯಾಗಿ ಅರ್ಧ. ನಾಣ್ಯ ಚಿಮ್ಮಿದ ಹಾಗೆ.

ನಿಯಮಪಂಡಿತ

ಸಿಂಪಥೈಸರ್ ವಿಷಯ ಒಪ್ತೀನಿ. ಬೇರೇನೂ ಒಪ್ಪಲ್ಲ.

ಪೆಟ್ಟಿಗೆಹುಳ

ಎರಡು ತಿಂಗಳಾದ ಮೇಲೆ ಬಂದೆ, ಕ್ಷಮಿಸಿ. ವರದಿ ಒಪ್ಪಿಸಬೇಕು.

ಸಬೊಟರ್ ತಂದೆ. ಮೊದಲ ಭಾನುವಾರವೇ ಅಕ್ಕ ಕಾಫಿ ಮಾಡೋಕೆ ಎದ್ದು ಹೋಗಲಿಲ್ಲ, ಅದು ಒಂದು. ಹೆಂಡತಿಯ ಕಿವಿ ಪ್ರತಿ ಸುತ್ತಲ್ಲೂ ಕೆಂಪಾಗುತ್ತೆ, ಗಣಿಯವಳಾದರೂ ಕೆಂಪು, ಮನೆಮುರುಕಿ ಆದರೂ ಕೆಂಪು. ಹಾಗಾಗಿ ಅದರಿಂದ ಏನೂ ಗೊತ್ತಾಗಲ್ಲ. ನಾನು ಇಷ್ಟು ವರ್ಷ ಅದನ್ನ ಸುಳ್ಳಿನ ಗುರುತು ಅಂದ್ಕೊಂಡಿದ್ದೆ.

ಆಮೇಲೆ ಗೆಳೆಯನೊಬ್ಬನ ಅಟ್ಟದಲ್ಲಿ ಕ್ಯಾಮೆಲಾಟ್ ಸಿಕ್ತು. ಒಬ್ಬ ಸರದಾರನ ಗೊಂಬೆಯ ಕೈ ಮುರಿದಿದೆ, ಉಳಿದದ್ದೆಲ್ಲ ಸರಿ ಇದೆ. ಚೀಟಿರಾಣಿಯವರ ಹಾಗೆ ಕನ್ನಡದ ಹಾಳೆ ಬರೆದೆ, ನಾಲ್ಕು ಪ್ರತಿ. ಮೊನ್ನೆ ಭಾನುವಾರ ಆಡಿದ್ವಿ.

ಭಾವ ಶುರುವಿನಿಂದಲೇ ಎಂದಿನ ಹಾಗೆ. "ನೀನು ಪಿಕ್ಟರ ಕಡೆ ಹೋಗು, ನಾನು ಖಡ್ಗ ನೋಡ್ಕೋತೀನಿ." (ಪಿಕ್ಟರು ಅಂದ್ರೆ ಸ್ಯಾಕ್ಸನ್ನರ ಹಾಗೆ ಆಟದಲ್ಲಿ ದಾಳಿ ಮಾಡೋ ವೈರಿಗಳು.) ಅಂಕಿ ಹೇಳೋ ಹಾಗಿಲ್ಲ ಅಂತ ಸಿಟ್ಟು ಬೇರೆ. ಒಬ್ಬರೇ ಎಕ್ಸ್‌ಕ್ಯಾಲಿಬರ್ ಹತ್ತಿರ ನಿಂತು ಕಾರ್ಡು ಬಿಸಾಡ್ತಾ ಹೋದರು. ಎಸ್ಸೆನ್‌ಯಾತ್ರಿ ಬರೆದದ್ದು ನನ್ನ ತಲೇಲಿ ಸುತ್ತೋಕೆ ಶುರುವಾಯ್ತು. ನಾನು ಬಾಯಿ ಬಿಡಲಿಲ್ಲ, ಆದರೆ ಅಕ್ಕ ಬಿಟ್ಟಳು: "ಅಲ್ಲ, ಏನು ಬಿಸಾಡ್ತಿದೀರಿ ನೀವು?" "ಬೇಡದ್ದನ್ನ." "ನಿಮಗೆ ಬೇಡದ್ದೋ, ನಮಗೆ ಬೇಡದ್ದೋ?"

ಖಡ್ಗ ನಮಗೇ ಸಿಕ್ತು. ಅದರಿಂದ ಸಂಶಯ ಕಡಿಮೆ ಆಗಲಿಲ್ಲ, ಜಾಸ್ತಿ ಆಯ್ತು. ಇಟ್ಟಿಗೆ ಹೊರೋನ ಮಾತು ನೆನಪಿತ್ತಲ್ಲ. ಮೇಜಿನ ಮೇಲೆ ಎಂಟು ಕತ್ತಿ ಆದಾಗ ಅಕ್ಕ ಭಾವನ ಮೇಲೆ ಬೆರಳು ತೋರಿಸಿದಳು. ಕಾರ್ಡು ತಿರುವಿದರೆ ನಿಯತ್ತಿನವರು. ಒಂದು ಬಿಳೀ ಕತ್ತಿ ಕರೀ ಆಯ್ತು. ಈಗ ಭಾವ ಅಕ್ಕನನ್ನ ನೋಡಿದರು. ಸುಳ್ಳು ಆರೋಪ ಮಾಡಿದವಳೇ ಕಳ್ಳಿ ಅಲ್ವಾ? ಅವರ ಸರದಿ ಬಂದ ತಕ್ಷಣ ಅವರೂ ಬೆರಳು ತೋರಿಸಿದರು. ಅಕ್ಕನೂ ನಿಯತ್ತಿನವಳು. ಇನ್ನೊಂದು ಕತ್ತಿ ಕರೀ. ಉಳಿದದ್ದು ನಾನು, ನನ್ನ ಹೆಂಡತಿ. ನಾನಲ್ಲ ಅಂತ ನನಗೆ ಗೊತ್ತು. ಅವಳ ಕಿವಿ ಕೆಂಪಗಿತ್ತು.

ನಾನು ಬೆರಳು ತೋರಿಸಿದೆ.

ಅವಳೂ ಅಲ್ಲ. ಎಂಟು ಕಾರ್ಡಿನಲ್ಲಿ ಆ ಮನೆಮುರುಕನ ಕಾರ್ಡು ಪೆಟ್ಟಿಗೆಗೆ ವಾಪಸ್ ಹೋದ ನಾಲ್ಕರಲ್ಲಿತ್ತು. ಮೂರು ಬಿಳೀ ಕತ್ತಿ ನಾವೇ ತಿರುವಿ ಹಾಕಿದ್ವಿ. ಆಟ ಮುಗಿದಾಗ ಬಿಳಿ ಐದು, ಕರಿ ಏಳು. ಒಂದೇ ಒಂದು ಆರೋಪ ಮಾಡದೆ ಇದ್ದಿದ್ದರೆ ಎಂಟು-ನಾಲ್ಕರಲ್ಲಿ ಗೆಲ್ತಿದ್ವಿ.

ಭಾವ ಇದನ್ನ ಕಾಗದದ ಮೇಲೆ ಬರೆದು ಎರಡೆರಡು ಸಲ ಲೆಕ್ಕ ಹಾಕಿದರು. ಆಮೇಲೆ ಏನೂ ಮಾತಾಡದೆ ಸ್ಕೂಟರ್ ತೆಗೆದ್ರು. ನನ್ನ ಹೆಂಡತಿ ರಾತ್ರಿ ಊಟಕ್ಕೆ ನನಗೆ ಉಪ್ಪಿನಕಾಯಿ ಬಡಿಸಲಿಲ್ಲ, ನಾನೇ ಎದ್ದು ಹಾಕ್ಕೊಂಡೆ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಈ ಭಾನುವಾರ ಎಷ್ಟು ಗಂಟೆಗೆ ಅಂತ ಭಾವ ಕೇಳಿಸಿದಾರಂತೆ. ಪ್ಯಾಂಡೆಮಿಕ್ ತರಬೇಡಿ ಅಂತಲೂ.

ಧಾರವಾಡಪೇಡೆ

ಉಪ್ಪಿನಕಾಯಿದು ಏನಾತ್ರೀ ಆಮ್ಯಾಲ?

ಪೆಟ್ಟಿಗೆಹುಳ

ಇನ್ನೂ ನಾನೇ ಹಾಕ್ಕೊಳ್ತಿದೀನಿ.